ನಾಣ್ಯಕ್ಕೆ ಮೂರು ಪ್ರಾಣ

ಗೆದ್ದವರ ಹೆಸರನ್ನು ನೆನಪಿನಲ್ಲಿಡುವುದಕ್ಕೆ ಯಾರೂ ಶ್ರಮಪಡಬೇಕಾಗಿಲ್ಲ; ಲೋಕವೇ ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಸೋತವರ ಪಾಡು ಬೇರೆ. ಅವರನ್ನು ನೆನೆಯಬೇಕಾದರೆ ಯಾರಾದರೊಬ್ಬ ಪುಣ್ಯಾತ್ಮ ತನ್ನ ಕೆಲಸ ಬಿಟ್ಟು ಕುಳಿತುಕೊಳ್ಳಬೇಕು. ಅರಸರ ವಿಷಯದಲ್ಲಿಯೂ ಕವಿಗಳ ವಿಷಯದಲ್ಲಿಯೂ ಸಲ್ಲುವ ಈ ಮಾತು ಆಟಗಳಿಗೂ ಸಲ್ಲುತ್ತದೆ. ಅದರಲ್ಲಿಯೂ 1980ರಿಂದ 1984ರವರೆಗೆ ಅಮೆರಿಕ, ಜಪಾನುಗಳ ಊರೂರುಗಳಲ್ಲಿ ನಾಣ್ಯ ನುಂಗಿ ಬೆಳಕು ಕಾರಿದ ವಿಡಿಯೋ ಆಟಗಳಿಗೆ ಇನ್ನೂ ಚೆನ್ನಾಗಿ ಸಲ್ಲುತ್ತದೆ.

ಬಾಯಿಯನ್ನು ತೆರೆದು ಮುಚ್ಚುತ್ತ, ಚುಕ್ಕಿಗಳನ್ನು ನುಂಗುತ್ತ ಓಡುವ ಹಳದಿಯ ದುಂಡುಮುಖದ ಪ್ಯಾಕ್-ಮ್ಯಾನ್‌ನನ್ನು ಅರಿಯದವರು ವಿರಳ. ಜಪಾನಿನ ನಾಮ್ಕೊ ಸಂಸ್ಥೆಯಲ್ಲಿ ತೋರು ಇವಾತಾನಿ ಎಂಬ ತರುಣ 1980ರಲ್ಲಿ ರೂಪಿಸಿದ ಈ ಆಟದ ಪೆಟ್ಟಿಗೆಗಳು ಅಮೆರಿಕವೊಂದರಲ್ಲಿಯೇ ಲಕ್ಷದ ಸಮೀಪಕ್ಕೆ ಮಾರಾಟವಾದವು. ಆಗಿನ್ನೂ ಹುಟ್ಟಿರದವರ ಮಕ್ಕಳೂ ಇಂದು ಅವನ ಗುರುತು ಹಿಡಿಯುತ್ತಾರೆ. ಆದರೆ ಅವನ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ‘ರಿಪ್ ಆಫ್’ ಎಲ್ಲಿ? ‘ಕ್ವಾಂಟಮ್’ ಎಲ್ಲಿ? ‘ರೇಡಾರ್ ಸ್ಕೋಪ್’ ಎಲ್ಲಿ? ಆ ಹೆಸರುಗಳನ್ನು ಹೇಳಿದರೆ ಅಂದು ಆಡಿದವನೇ ಒಮ್ಮೆ ಹುಬ್ಬುಗಂಟಿಕ್ಕಿ ಯೋಚಿಸಬೇಕಾದೀತು.

ಆ ಆಟದ ಮನೆಗಳನ್ನು ಕಾಣದವರಿಗಾಗಿ ಎರಡು ಮಾತು. ಆರ್ಕೇಡ್ ಎಂದು ಅವುಗಳ ಹೆಸರು. ಹಗಲಿನಲ್ಲಿಯೂ ಅರೆಗತ್ತಲೆ ತುಂಬಿದ ಒಂದು ದೊಡ್ಡ ಕೋಣೆ. ಗೋಡೆಯುದ್ದಕ್ಕೂ ಆಳೆತ್ತರದ ಮರದ ಪೆಟ್ಟಿಗೆಗಳು. ಒಂದೊಂದರ ಎದೆಯಲ್ಲಿಯೂ ಗಾಜಿನ ಪರದೆ, ಅದರ ಕೆಳಗೆ ಹಿಡಿಕೆ ಮತ್ತು ಗುಂಡಿಗಳು, ಅವಕ್ಕೂ ಕೆಳಗೆ ನಾಣ್ಯ ಹಾಕುವ ಸೀಳು. ಅಮೆರಿಕದಲ್ಲಿ 25 ಸೆಂಟಿನ ನಾಣ್ಯ, ಜಪಾನಿನಲ್ಲಿ 100 ಯೆನ್ನಿನದು. ನಾಣ್ಯ ಒಳಗೆ ಬಿದ್ದು ಸದ್ದಾಯಿತೆಂದರೆ ಆಡುವವನಿಗೆ ಸಾಮಾನ್ಯವಾಗಿ ಮೂರು ಪ್ರಾಣಗಳು ದೊರೆಯುತ್ತಿದ್ದವು. ಬ್ರಹ್ಮನಿಂದ ಒಂದೇ ಪ್ರಾಣವನ್ನು ಪಡೆದು ಬಂದ ಹುಡುಗನಿಗೆ ಇದೇನು ಸಣ್ಣ ಸೌಭಾಗ್ಯವೇ? ಆ ಮೂರನ್ನೂ ಎರಡು ಮೂರು ನಿಮಿಷಗಳಲ್ಲಿ ಕಳೆದುಕೊಂಡು ಅವನು ಮತ್ತೆ ಜೇಬು ತಡವುತ್ತಿದ್ದ. ಹಿಂದೆ ಕಾದು ನಿಂತವನು ಪರದೆಯ ಅಂಚಿನ ಮೇಲೆ ತನ್ನ ನಾಣ್ಯವನ್ನು ಇಟ್ಟಿದ್ದರೆ ಮುಂದಿನ ಸರದಿ ಅವನದು. ಎಲ್ಲಿಯೂ ಬರೆದಿಡದ ಈ ಶಾಸನಕ್ಕೆ ಎಲ್ಲರೂ ತಲೆಬಾಗುತ್ತಿದ್ದರು. 1981ರ ಒಂದೇ ವರ್ಷದಲ್ಲಿ ಅಮೆರಿಕದ ಜನ ಈ ಪೆಟ್ಟಿಗೆಗಳಿಗೆ ಸುರಿದ ನಾಣ್ಯಗಳು 2000 ಕೋಟಿ ಎಂದು ‘ಟೈಮ್’ ಪತ್ರಿಕೆ 1982ರ ಜನವರಿಯಲ್ಲಿ ಲೆಕ್ಕ ಹೇಳಿತು.

ಈ ನಾಣ್ಯವೇ ಆ ಲೋಕದ ವಿಮರ್ಶಕ. ಅದಕ್ಕೆ ರಸವೂ ಇಲ್ಲ, ಧ್ವನಿಯೂ ಇಲ್ಲ, ಎಣಿಕೆಯೊಂದೇ ಉಂಟು. ಓದುಗರಿಲ್ಲದ ಪುಸ್ತಕ ಗ್ರಂಥಾಲಯದ ಮೂಲೆಯಲ್ಲಾದರೂ ಧೂಳು ತಿನ್ನುತ್ತ ಉಳಿದೀತು. ಆರ್ಕೇಡಿನ ಆಟಕ್ಕೆ ಆ ಮೂಲೆಯೂ ಇರಲಿಲ್ಲ. ಅಂಗಡಿಯ ಯಜಮಾನ ಪೆಟ್ಟಿಗೆಯ ಬೀಗ ತೆಗೆದು ನಾಣ್ಯ ಎಣಿಸಿ, ಬರಬೇಕಾದಷ್ಟು ಬರಲಿಲ್ಲವೆಂದರೆ ಅದನ್ನು ಅಲ್ಲಿಂದ ಎತ್ತಿಸುತ್ತಿದ್ದ. ಮರದ ಪೆಟ್ಟಿಗೆಯೂ ಗಾಜಿನ ಪರದೆಯೂ ಬೆಲೆಬಾಳುವ ವಸ್ತುಗಳು, ಅವನ್ನು ಬಿಸಾಡುವವರಾರು? ಆದ್ದರಿಂದ ಹೊರಮೈಗೆ ಹೊಸ ಬಣ್ಣ ಬಳಿದು, ಒಳಗಿನ ಸರ್ಕ್ಯೂಟ್ ಹಲಗೆಯನ್ನು ಬದಲಿಸಿ ಬೇರೊಂದು ಆಟವನ್ನು ಅದರಲ್ಲಿ ಹೊಗಿಸುತ್ತಿದ್ದರು. ಆತ್ಮ ಅಮರ, ದೇಹ ನಶ್ವರ ಎಂಬ ಮಾತು ಇಲ್ಲಿ ತಲೆಕೆಳಗು. ದೇಹ ಉಳಿಯುತ್ತಿತ್ತು, ಆತ್ಮವೇ ಕಸದ ಬುಟ್ಟಿಗೆ ಹೋಗುತ್ತಿತ್ತು. ಆದರೂ ವರ್ಷಗಟ್ಟಲೆ ಒಂದೇ ಆಟ ನಡೆದ ಪರದೆಯ ಒಳಮೈಯಲ್ಲಿ ಆ ಆಟದ ಗೆರೆಗಳು ಸುಟ್ಟು ಅಚ್ಚಾಗಿರುತ್ತಿದ್ದವು. ಹೊಸ ಆಟದ ನಡುವೆ ಪರದೆ ಕಪ್ಪಾದಾಗ ಹಳೆಯ ಆಟದ ಗೋಡೆಗಳು ತೆಳ್ಳಗೆ ಕಾಣಿಸುತ್ತಿದ್ದವು, ಸರಿಯಾಗಿ ಒರೆಸದ ಕರಿಹಲಗೆಯ ಮೇಲೆ ನಿನ್ನೆಯ ಪಾಠ ಕಾಣಿಸಿದಂತೆ.

‘ರೇಡಾರ್ ಸ್ಕೋಪ್’ ಎಂಬ ಆಟದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಜಪಾನಿನ ಕ್ಯೋಟೋ ನಗರದಲ್ಲಿ 1889ರಿಂದ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುತ್ತಿದ್ದ ನಿಂಟೆಂಡೊ ಸಂಸ್ಥೆ 1980ರಲ್ಲಿ ಇದನ್ನು ಹೊರತಂದಿತು. ನೀಲಿಯ ಬಯಲೊಂದು ದೂರಕ್ಕೆ ಚಾಚಿಕೊಂಡಿದೆ. ಅದರ ಆಚೆಯ ತುದಿಯಿಂದ ಶತ್ರುವಿಮಾನಗಳ ಸಾಲು ಇಳಿದು ಬರುತ್ತದೆ. ಈಚೆಯ ತುದಿಯಿಂದ ಅವನ್ನು ಹೊಡೆದುರುಳಿಸಬೇಕು. ನೋಟಕ್ಕೆ ಸೊಗಸಾದ ಆಟ. ಸಂಸ್ಥೆಯ ಅಮೆರಿಕದ ಶಾಖೆ ಅದನ್ನು ನಂಬಿ 3000 ಪೆಟ್ಟಿಗೆಗಳನ್ನು ತರಿಸಿತು. ಅವು ಸಮುದ್ರ ದಾಟಿ ಬರುವಷ್ಟರಲ್ಲಿ ತಿಂಗಳುಗಳು ಕಳೆದು ಜನರ ರುಚಿಯೇ ಬದಲಾಗಿತ್ತು. ಸಾವಿರದಷ್ಟು ಮಾರಾಟವಾದವು; ಉಳಿದ 2000 ಪೆಟ್ಟಿಗೆಗಳು ಉಗ್ರಾಣದಲ್ಲಿ ಕುಳಿತವು. ಶಾಖೆಯೇ ಮುಳುಗುವ ಹೊತ್ತು. ಆಗ ಕ್ಯೋಟೋದಲ್ಲಿ ಶಿಗೆರು ಮಿಯಾಮೊಟೊ ಎಂಬ ಯುವ ಚಿತ್ರಕಾರನಿಗೆ, ಅದೇ ಪೆಟ್ಟಿಗೆಗಳಲ್ಲಿ ಕೂರುವಂಥ ಬೇರೊಂದು ಆಟವನ್ನು ಯೋಚಿಸೆಂದು ಅಪ್ಪಣೆಯಾಯಿತು. ಅವನು ಕಲ್ಪಿಸಿದ್ದು ಒಂದು ಗೊರಿಲ್ಲ, ಅದು ಹೊತ್ತೊಯ್ದ ಹುಡುಗಿ, ಅವಳನ್ನು ಬಿಡಿಸಲು ಏಣಿಯೇರುವ ಒಬ್ಬ ಬಡಗಿ. 1981ರಲ್ಲಿ ಅದು ‘ಡಾಂಕಿ ಕಾಂಗ್’ ಆಗಿ ಲೋಕವನ್ನು ಗೆದ್ದಿತು. ಆ ಬಡಗಿಯೇ ಮುಂದೆ ಮಾರಿಯೋ ಎಂದು ಮನೆಮಾತಾದ. ಮೊದಮೊದಲಿನ ಡಾಂಕಿ ಕಾಂಗ್ ಪೆಟ್ಟಿಗೆಗಳು ಕೆಂಪಗಿದ್ದುದನ್ನು ಕಂಡವರುಂಟು. ಅದು ರೇಡಾರ್ ಸ್ಕೋಪಿನ ಮೈಬಣ್ಣ. ಒಂದು ಆಟ ತನ್ನ ಒಡಲನ್ನೇ ಕೊಟ್ಟು ಇನ್ನೊಂದನ್ನು ಬದುಕಿಸಿತು; ಬದುಕಿದ್ದಕ್ಕೆ ಮೆರವಣಿಗೆ, ಕೊಟ್ಟದ್ದಕ್ಕೆ ಮರವೆ.

ನಾಣ್ಯ ಸಲ್ಲದ್ದೆಲ್ಲ ಕಳಪೆಯಾಗಿತ್ತೆಂದು ತಿಳಿದರೆ ಅದು ಅನ್ಯಾಯ. ಮನುಷ್ಯನ ನೆನಪೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಅಂದು ಹನ್ನೆರಡರ ಹುಡುಗನಾಗಿದ್ದವನು ಇಂದು ಐವತ್ತೈದರ ಗೃಹಸ್ಥ. ಅವನಿಗೆ ಆಟದ ಹೆಸರು ನೆನಪಿರುವುದಿಲ್ಲ, ತಯಾರಿಸಿದವರ ಹೆಸರಂತೂ ಗೊತ್ತೇ ಇರಲಿಲ್ಲ. ಆದರೆ ಬೆರಳುಗಳಿಗೆ ನೆನಪಿರುತ್ತದೆ. ‘ಎರಡು ಕೈಗೆ ಎರಡು ಹಿಡಿಕೆ, ಮುಗಿಲೆತ್ತರದ ಕಟ್ಟಡವನ್ನು ಕಿಟಕಿ ಕಿಟಕಿ ಹಿಡಿದು ಏರಬೇಕು, ಹಿಡಿದ ಕಿಟಕಿಯೇ ಮುಚ್ಚಿಕೊಳ್ಳುತ್ತದೆ, ಮೇಲಿನಿಂದ ಯಾರೋ ಹೂವಿನ ಕುಂಡ ಎಸೆಯುತ್ತಾರೆ’ ಎಂದು ಅವನು ಕೈಗಳನ್ನು ಗಾಳಿಯಲ್ಲಿ ಒಂದಾದಮೇಲೊಂದರಂತೆ ಎತ್ತಿ ತೋರಿಸಿದರೆ, ಬಲ್ಲವರು ತಟ್ಟನೆ ಹೇಳುತ್ತಾರೆ: ಅದು ನಿಚಿಬುತ್ಸು ಸಂಸ್ಥೆಯ ‘ಕ್ರೇಜಿ ಕ್ಲೈಂಬರ್’, 1980. ನಾಲ್ಕು ದಶಕ ಕಾಡಿದ ಪ್ರಶ್ನೆಗೆ ಉತ್ತರ ಸಿಕ್ಕ ಆ ಗಳಿಗೆಯಲ್ಲಿ ಗೃಹಸ್ಥನ ಮುಖದ ಮೇಲೆ ಹನ್ನೆರಡರ ಹುಡುಗ ಮೂಡಿ ಮರೆಯಾಗುತ್ತಾನೆ.

ಅದೇ ವರ್ಷ ಅಮೆರಿಕದ ಸಿನೆಮಾಟ್ರಾನಿಕ್ಸ್ ಸಂಸ್ಥೆಯಿಂದ ಬಂದ ‘ರಿಪ್ ಆಫ್’ ಇನ್ನೊಂದು ಬಗೆಯದು. ಪರದೆಯ ನಡುವೆ ಇಂಧನದ 8 ಡಬ್ಬಗಳು. ಕಳ್ಳರ ಬಂಡಿಗಳು ಬಂದು ಅವನ್ನು ಎಳೆದೊಯ್ಯುತ್ತವೆ. ಕಾವಲುಗಾರ ಸತ್ತರೆ ಮತ್ತೆ ಹುಟ್ಟುತ್ತಾನೆ, ಎಷ್ಟು ಸಲವಾದರೂ. ಆದರೆ ಕೊನೆಯ ಡಬ್ಬ ಹೋದ ಕ್ಷಣ ಆಟ ಮುಗಿಯಿತು. ಕಾಯುವವನ ಪ್ರಾಣಕ್ಕಲ್ಲ, ಕಾಯಬೇಕಾದ ವಸ್ತುವಿಗೆ ಅಲ್ಲಿ ಬೆಲೆ. ಇಬ್ಬರು ಆಡಿದರೆ ಪರಸ್ಪರ ಹೊಡೆದಾಡದೆ ಹೆಗಲೆಣೆಯಾಗಿ ಕಾವಲಿರಬೇಕು. ಸ್ಪರ್ಧೆಯೊಂದೇ ಆಟವೆಂದು ನಂಬಿದ್ದ ಕಾಲದಲ್ಲಿ ಇದು ಹೊಸ ಮಾತು.

1982ರಲ್ಲಿ ಅಟಾರಿ ಸಂಸ್ಥೆ ಹೊರತಂದ ‘ಕ್ವಾಂಟಮ್’ ಇನ್ನೂ ಮೃದು. ಬೆಟ್ಟಿ ರಯನ್ ಎಂಬ ಮಹಿಳೆ ಇದರ ಕರ್ತೃ. ಇಲ್ಲಿ ಬಂದೂಕಿಲ್ಲ, ಗುಂಡಿಲ್ಲ. ಅಂಗೈಯಡಿಯ ಚೆಂಡೊಂದನ್ನು ಉರುಳಿಸಿ, ತೇಲಾಡುವ ಕಣಗಳ ಸುತ್ತ ಬಣ್ಣದ ಗೆರೆ ಎಳೆಯಬೇಕು. ಕಣಕ್ಕೆ ತಾಗದಂತೆ ಗೆರೆ ತನ್ನ ಬಾಲವನ್ನು ಮುಟ್ಟಿ ಬಳಸು ಮುಚ್ಚಿಕೊಂಡರೆ ಒಳಗಿನದು ಮಾಯ. ಅಂಗಳದಲ್ಲಿ ಚುಕ್ಕಿಗಳನ್ನು ಸುತ್ತಿ ರಂಗೋಲಿ ಎಳೆಯುವ ಹೆಣ್ಣುಮಗಳಿಗೆ ಈ ಆಟವನ್ನು ಯಾರೂ ಕಲಿಸಬೇಕಾಗುತ್ತಿರಲಿಲ್ಲ. ತಯಾರಾದ ಪೆಟ್ಟಿಗೆಗಳು 500ರಷ್ಟು ಮಾತ್ರ. ಹೊಡಿ, ಕೊಲ್ಲು ಎಂಬ ಗದ್ದಲದ ನಡುವೆ ಮೆಲುದನಿಯ ಮಾತನ್ನು ಕೇಳುವವರು ಎಷ್ಟು ಮಂದಿ?

ಕರ್ತೃಗಳ ವಿಷಯ ಬಂದದ್ದರಿಂದ ಒಂದು ವಿಪರ್ಯಾಸವನ್ನು ಹೇಳಲೇಬೇಕು. ಹೆಚ್ಚು ಅಂಕ ಗಳಿಸಿದ ಹುಡುಗ ತನ್ನ ಹೆಸರಿನ ಮೂರು ಅಕ್ಷರಗಳನ್ನು ಪರದೆಯ ಮೇಲೆ ಕೆತ್ತಿ ಹೋಗಬಹುದಾಗಿತ್ತು. ಆಟವನ್ನು ಹೆತ್ತವನಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಹೆಸರು ಹೊರಬಿದ್ದರೆ ಪ್ರತಿಸ್ಪರ್ಧಿಗಳು ಹೆಚ್ಚು ಸಂಬಳದ ಆಸೆ ತೋರಿಸಿ ಸೆಳೆದಾರೆಂದು ಸಂಸ್ಥೆಗಳಿಗೆ ಅಂಜಿಕೆ. ‘ರಿಪ್ ಆಫ್’ ರಚಿಸಿದ ಟಿಮ್ ಸ್ಕೆಲಿ ಮುಂದೆ ಗಾಟ್ಲೀಬ್ ಸಂಸ್ಥೆಗಾಗಿ 1982ರಲ್ಲಿ ‘ರಿಯಾಕ್ಟರ್’ ಎಂಬ ಆಟವನ್ನು ಮಾಡಿದಾಗ ಪರದೆಯ ಮೇಲೆ ತನ್ನ ಹೆಸರು ಮೂಡಿಸಿದ. ಅಂಥವರು ಬೆರಳೆಣಿಕೆಯಷ್ಟು. ಹುಡುಗನ ಮೂರಕ್ಷರಗಳೂ ಚಿರಸ್ಥಾಯಿಯಲ್ಲ. ಎಷ್ಟೋ ಪೆಟ್ಟಿಗೆಗಳಲ್ಲಿ ರಾತ್ರಿ ಅಂಗಡಿಯವನು ವಿದ್ಯುತ್ತಿನ ಗುಂಡಿ ಆರಿಸಿದೊಡನೆ ಅಂದಿನ ಶೂರರೆಲ್ಲ ಅಳಿಸಿಹೋಗುತ್ತಿದ್ದರು.

1983ರ ಹೊತ್ತಿಗೆ ಅಮೆರಿಕದ ಈ ಉದ್ಯಮವೇ ಕುಸಿಯಿತು. ಅಂಗಡಿಗಳು ಮುಚ್ಚಿದವು, ಪೆಟ್ಟಿಗೆಗಳು ಸಿಕ್ಕ ಬೆಲೆಗೆ ಹೋದವು. ಇಲ್ಲಿ ಮರವೆಯ ಒಂದು ವಿಚಿತ್ರ ಲೀಲೆಯನ್ನು ಕಾಣಬಹುದು. 1981ರಲ್ಲಿ ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ ‘ಪಾಲಿಬಿಯಸ್’ ಎಂಬ ಕರಿಯ ಪೆಟ್ಟಿಗೆ ಇದ್ದಿತೆಂದೂ, ಆಡಿದವರಿಗೆ ತಲೆಸುತ್ತು, ದುಃಸ್ವಪ್ನಗಳು ಬಂದವೆಂದೂ, ಕಪ್ಪು ಉಡುಪಿನವರು ಬಂದು ಅದರಿಂದ ಏನನ್ನೋ ಬರೆದುಕೊಂಡು ಹೋದರೆಂದೂ ಒಂದು ಕಥೆ ಹಬ್ಬಿದೆ. ಅಂಥ ಆಟ ಇದ್ದುದಕ್ಕೆ ಪುರಾವೆಯೇ ಇಲ್ಲ. ಆದರೂ ಇದ್ದ ‘ಕ್ವಾಂಟಮ್’ ಗೊತ್ತಿಲ್ಲದವರಿಗೆ ಇಲ್ಲದ ‘ಪಾಲಿಬಿಯಸ್’ ಗೊತ್ತು! ದೆವ್ವಕ್ಕೆ ಸಿಗುವ ಮನ್ನಣೆ ಮನುಷ್ಯನಿಗೆಲ್ಲಿ?

ಇದ್ದವುಗಳನ್ನು ಉಳಿಸುವುದಂತೂ ಸುಲಭವಲ್ಲ. ಆಟದ ಜೀವ ಅಡಗಿರುವುದು ಬೆರಳಗಲದ ಚಿಪ್ಪುಗಳಲ್ಲಿ. ಅಂದಿನ ಎಷ್ಟೋ ಚಿಪ್ಪುಗಳ ನೆತ್ತಿಯ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಅತಿನೇರಳೆ ಕಿರಣ ಅದರೊಳಕ್ಕೆ ಬಿದ್ದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕಾಗಿ ಒಂದು ಚೂರು ಕಾಗದವನ್ನು ಅಂಟಿಸಿ ಮುಚ್ಚುತ್ತಿದ್ದರು. ಕಾಗದ ಇದ್ದರೂ ದಶಕಗಳು ಕಳೆದಂತೆ ಒಳಗಿನ ವಿದ್ಯುತ್ಕಣಗಳು ತಾವಾಗಿಯೇ ಸೋರಿಹೋಗುತ್ತವೆ. ಗೆದ್ದಲಿಗೆ ತಾಳೆಯೋಲೆ ಹೇಗೋ, ಕಾಲಕ್ಕೆ ಈ ಚಿಪ್ಪು ಹಾಗೆ. ಇಟಲಿಯ ನಿಕೊಲಾ ಸಾಲ್ಮೊರಿಯಾ ಎಂಬಾತ 1997ರ ಫೆಬ್ರವರಿಯಲ್ಲಿ ‘ಮೇಮ್’ ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ಲೋಕಕ್ಕೆ ಕೊಟ್ಟ. ಹಳೆಯ ಚಿಪ್ಪಿನಲ್ಲಿ ಬರೆದದ್ದನ್ನು ಪ್ರತಿಮಾಡಿಕೊಂಡರೆ ಆ ಆಟ ಮನೆಯ ಕಂಪ್ಯೂಟರಿನಲ್ಲಿ ಅಂದಿನಂತೆಯೇ ನಡೆಯಬೇಕೆಂಬುದು ಅದರ ಸಂಕಲ್ಪ. ಅನೇಕ ದೇಶಗಳ ಹವ್ಯಾಸಿಗಳು ಕೈಗೂಡಿಸಿದರು. ಗುಟ್ಟು ಬಿಡದ ಕೆಲವು ಚಿಪ್ಪುಗಳನ್ನು ಆಮ್ಲದಿಂದ ತೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ಓದಿದರು. ಗೆದ್ದ ಆಟಕ್ಕೆ ಕೊಟ್ಟಷ್ಟೇ ಶ್ರದ್ಧೆಯನ್ನು, ಯಾರೂ ಆಡದ ಆಟಕ್ಕೂ ಕೊಟ್ಟರು.

ಪೆಟ್ಟಿಗೆಗಳನ್ನೇ ಉಳಿಸಿದವರೂ ಉಂಟು. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಲಕೋನಿಯಾದಲ್ಲಿ 1952ರಲ್ಲಿ ಆರಂಭವಾದ ‘ಫನ್‌ಸ್ಪಾಟ್’ ಎಂಬ ಆಟದ ಮನೆಯಲ್ಲಿ ಹಳೆಯ ಪೆಟ್ಟಿಗೆಗಳ ಒಂದು ಸಂಗ್ರಹಾಲಯವೇ ಬೆಳೆದಿದೆ. ಕಂಪ್ಯೂಟರು ಆಟದ ಅಕ್ಷರವನ್ನು ಉಳಿಸಿತು, ನಿಜ. ಆದರೆ ಅಂಗೈಯಡಿ ಉರುಳುವ ಚೆಂಡಿನ ತೂಕವನ್ನೂ, ಕತ್ತಲ ಗಾಜಿನ ಮೇಲೆ ಮಿಂಚಿನಂತೆ ಓಡುವ ಗೆರೆಯ ಹೊಳಪನ್ನೂ ಅಂಥ ಪೆಟ್ಟಿಗೆಯ ಮುಂದೆ ನಿಂತೇ ಅರಿಯಬೇಕು.

ಕನ್ನಡ ಓದಿದವರಿಗೆ ಇಲ್ಲೊಂದು ಹೋಲಿಕೆ ಹೊಳೆಯದಿರದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಹಿಂದಿನ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿ ಒಂದೂ ಕೈಗೆ ಸಿಕ್ಕಿಲ್ಲ. ಅಲ್ಲಿ ಹೆಸರು ಉಳಿಯಿತು, ಕೃತಿ ಅಳಿಯಿತು. ಈ ಆಟಗಳಲ್ಲಿ ಅನೇಕದರ ಕೃತಿ ಉಳಿಯಿತು, ಹೆಸರು ಅಳಿಯಿತು. ಎರಡರಲ್ಲಿ ಯಾವುದು ಹೆಚ್ಚಿನ ನಷ್ಟವೆಂದು ಯಾರು ತೀರ್ಮಾನಿಸಬಲ್ಲರು? ಆದರೆ ಆ ಹೆಸರುಗಳನ್ನು ಬಲ್ಲವರು ಇನ್ನೂ ಕೆಲವರು ಬದುಕಿದ್ದಾರೆ, ಕೇಳಿದರೆ ಹೇಳುತ್ತಾರೆ. ದುರ್ವಿನೀತನ ವಿಷಯದಲ್ಲಿ ಆ ಅವಕಾಶ ಕಳೆದು ಸಾವಿರ ವರ್ಷಗಳ ಮೇಲಾಯಿತು.

ಈ ಸಾಲಿನಲ್ಲಿ ಕೊನೆಗೆ ಬಂದದ್ದು ಅಟಾರಿಯ ‘ಐ, ರೋಬೋಟ್’. ಆಗಲೇ ಹೆಸರು ಗಳಿಸಿದ್ದ ಡೇವ್ ಥ್ಯೂರರ್ ರಚಿಸಿದ ಈ ಆಟ 1984ರಲ್ಲಿ, ಅಂಗಡಿಗಳು ಖಾಲಿಯಾಗುತ್ತಿದ್ದ ಹೊತ್ತಿಗೆ ಬಂದಿತು. ಇಂದಿನ ಆಟಗಳಲ್ಲೆಲ್ಲ ಕಾಣುವ ಉದ್ದ, ಅಗಲ, ಆಳಗಳುಳ್ಳ ಘನರೂಪದ ಚಿತ್ರಗಳನ್ನು ಅಂದೇ ತೋರಿಸಿದ ಆಟ ಅದು. ಆಕಾಶದಲ್ಲಿ ಒಂದು ದೊಡ್ಡ ಕಣ್ಣು; ಅದು ತೆರೆದಿರುವಾಗ ನೆಗೆದರೆ ರೋಬೋಟಿಗೆ ಮರಣ. ಸಾವಿರದ ಆಸುಪಾಸು ಪೆಟ್ಟಿಗೆಗಳಲ್ಲಿಯೇ ಅದರ ಕಥೆ ಮುಗಿಯಿತು. ಆದರೆ ಅದರಲ್ಲಿ ಇನ್ನೊಂದು ದಾರಿಯೂ ಇತ್ತು. ಆಟ ಬೇಡವೆಂದವನು ಅದೇ ನಾಣ್ಯಕ್ಕೆ ಕೆಲವು ನಿಮಿಷ ಪರದೆಯ ಮೇಲೆ ಬಣ್ಣದ ಆಕೃತಿಗಳಿಂದ ಚಿತ್ರ ಬಿಡಿಸುತ್ತ ಕಳೆಯಬಹುದಾಗಿತ್ತು. ಅಂಕವಿಲ್ಲ, ಶತ್ರುವಿಲ್ಲ, ಸೋಲೂ ಇಲ್ಲ. ಲಾಭಕ್ಕೆಂದೇ ಕಟ್ಟಿದ ಪೆಟ್ಟಿಗೆಯೊಳಗೆ ಒಬ್ಬ ಕಲಾವಿದ ಲಾಭವಿಲ್ಲದ ಸಂತೋಷಕ್ಕೂ ಒಂದಿಷ್ಟು ಜಾಗ ಬಿಟ್ಟಿದ್ದ. ನಾಣ್ಯದ ಲೆಕ್ಕಪುಸ್ತಕದಲ್ಲಿ ಇದನ್ನು ಬರೆಯುವುದಕ್ಕೆ ಕಾಲಮ್ಮಿಲ್ಲ.

ನಾಣ್ಯ ಕೊಡುತ್ತಿದ್ದುದು ಮೂರೇ ಪ್ರಾಣ. ಆ ಆಟಗಳಿಗೆ ಅವು ಎಂದೋ ತೀರಿದವು. ಹಳೆಯ ಗೆಳೆಯರು ಸೇರಿದಲ್ಲಿ ಒಬ್ಬನು ‘ಕಿಟಕಿ ಹಿಡಿದು ಏರುವ ಆಟ ನೆನಪಿದೆಯೇ?’ ಎಂದು ಕೇಳಿ, ಇನ್ನೊಬ್ಬನು ‘ಇಲ್ಲದೆ ಏನು!’ ಎಂದರೆ, ಅದು ನಾಲ್ಕನೆಯದು. ಅದಕ್ಕೆ ಯಾರೂ ಕಾಸು ಕೇಳುವುದಿಲ್ಲ. ನೆನೆಯುವವನು ಒಬ್ಬ ಇರಬೇಕು, ಅಷ್ಟೆ.