ಸೋತವರಿಗೊಂದು ಹೆಗಲು

ಗೆದ್ದವರನ್ನು ಲೋಕವು ಕೊಂಡಾಡುವುದು ಸಹಜ. ಆದರೆ ಚೆಕ್ ದೇಶದ ಟೆನಿಸ್ ಆಟಗಾರ್ತಿ ಜಾನಾ ನೊವೊಟ್ನಾ ಅವರನ್ನು ನಾವು ಮೊದಲು ನೆನೆಯುವುದು ಅವರ ಸೋಲಿನಿಂದಲೇ.

೧೯೬೮ರಲ್ಲಿ ಬ್ರನೊ ನಗರದಲ್ಲಿ ಜನಿಸಿದ ಅವರು ೧೯೯೩ರ ವಿಂಬಲ್ಡನ್ ಅಂತಿಮ ಪಂದ್ಯದ ನಿರ್ಣಾಯಕ ಸೆಟ್ಟಿನಲ್ಲಿ ಸ್ಟೆಫಿ ಗ್ರಾಫ್ ಅವರಿಗಿಂತ ೪-೧ರಿಂದ ಮುಂದಿದ್ದರು. ಆಗ ಒಂದರ ಹಿಂದೊಂದು ಎರಡು ಸರ್ವಿಸ್‌ಗಳು ತಪ್ಪಿದವು. ಧೈರ್ಯ ಕುಂದಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಹುಮಾನ ವಿತರಿಸಲು ಬಂದ ರಾಜಮನೆತನದ ಕೆಂಟ್ ಡಚೆಸ್ ಅವರ ಹೆಗಲಿಗೊರಗಿ ಅತ್ತುದನ್ನು ಜಗತ್ತೇ ಕಂಡಿತು.

೧೯೯೭ರಲ್ಲಿ ಮಾರ್ಟಿನಾ ಹಿಂಗಿಸ್ ಎದುರು ಮತ್ತೆ ಸೋಲು. ಆದರೂ ಅವರು ಅಂಗಣ ಬಿಡಲಿಲ್ಲ. ೧೯೯೮ರಲ್ಲಿ ಫ್ರಾನ್ಸಿನ ನಥಾಲಿ ತೋಜಿಯಾ ಅವರನ್ನು ಮಣಿಸಿ ಅದೇ ಅಂಗಣದಲ್ಲಿ ಪ್ರಶಸ್ತಿ ಪಡೆದರು, ಮರುವರ್ಷ ನಿವೃತ್ತರಾದರು.

೨೦೧೪ರಲ್ಲಿ ಪತ್ರವೊಂದನ್ನು ಹಿಡಿದು ಮನೆಯ ಬಾಗಿಲು ತಟ್ಟಿದ ಬಾರ್ಬೊರಾ ಕ್ರೆಜಿಕೋವಾ ಎಂಬ ತರುಣಿಗೆ ತಮ್ಮ ವಿದ್ಯೆಯನ್ನೆಲ್ಲ ಧಾರೆಯೆರೆದರು. ೨೦೧೭ರಲ್ಲಿ, ೪೯ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ಅಗಲಿದರು. ೨೦೨೪ರಲ್ಲಿ ಆ ಶಿಷ್ಯೆಯು ವಿಂಬಲ್ಡನ್ ಗೆದ್ದು, ವಿಜೇತರ ಫಲಕದಲ್ಲಿ ಗುರುವಿನ ಹೆಸರಿರುವೆಡೆಯೇ ತಮ್ಮ ಹೆಸರನ್ನೂ ಕಂಡು ಕಣ್ಣೀರಿಟ್ಟರು.

ತಾವು ಒರಗಿದಂಥ ಹೆಗಲನ್ನೇ ನೊವೊಟ್ನಾ ಇನ್ನೊಬ್ಬರಿಗೆ ನೀಡಿದ್ದರು. ಹಿರಿಯರಾದ ನಾವೂ ಸೋತು ಬಂದ ಮಗುವಿಗೆ ಮೊದಲು ಹೆಗಲು ಕೊಡೋಣ; ಬುದ್ಧಿಮಾತು ಆಮೇಲಿರಲಿ.