ಮಾಲಿಯ ಕೈಗೆ ಉಂಗುರ ಸಿಕ್ಕಾಗ

'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ನಿಮ್ಮ ಹೀರೊ ಯಾರು ಅಂತ ಕೇಳಿದ್ರೆ ನನ್ನ ಫ್ರೆಂಡ್ಸ್ ಅರಗಾರ್ನ್ ಅಂತಾರೆ, ಇಲ್ಲಾ ಗ್ಯಾಂಡಾಲ್ಫ್. ನನ್ನ ಓಟು ಸ್ಯಾಮ್‌ಗೆ. ಫ್ರೋಡೊ ಮನೆಯ ಮಾಲಿ ಅವನು, ಅಡುಗೆ ಪಾತ್ರೆ ಹೊತ್ತುಕೊಂಡು ಯಜಮಾನನ ಹಿಂದೆ ನಡೆದವನು.

ಸಿನಿಮಾ ಮಾತ್ರ ನೋಡಿದವರಿಗೆ ಅವನ ಕಥೆಯ ಮುಖ್ಯ ಗಳಿಗೆಯೇ ಸಿಕ್ಕಿರಲ್ಲ. ಅದು 1955ರಲ್ಲಿ ಬಂದ ಮೂರನೇ ಸಂಪುಟದಲ್ಲಿದೆ. ದೈತ್ಯ ಜೇಡ ಕುಟುಕಿ ಫ್ರೋಡೊ ಸತ್ತೇಹೋದ ಅಂದುಕೊಂಡ ಸ್ಯಾಮ್, ಉಂಗುರವನ್ನು ತಾನು ತಗೊಂಡಿರ್ತಾನೆ. ಶತ್ರುವಿನ ನಾಡಿನ ಅಂಚಿನಲ್ಲಿ ನಿಂತಾಗ ಉಂಗುರ ಅವನಿಗೊಂದು ಕನಸು ತೋರಿಸುತ್ತೆ: ಕೈಯಲ್ಲಿ ಉರಿಯುವ ಕತ್ತಿ, ಹಿಂದೆ ಸೈನ್ಯ, ಅವನು ಆಜ್ಞೆ ಮಾಡಿದ ಕೂಡಲೇ ಆ ಬರಡು ನೆಲವೆಲ್ಲ ಹೂದೋಟ. ಉಂಗುರ ಅವನಿಗೆ ಚಿನ್ನ ತೋರಿಸಲಿಲ್ಲ ನೋಡಿ. ಮಾಲಿಗೆ ತೋಟವನ್ನೇ ತೋರಿಸಿತು. ಅವನೊಳಗಿನ ಒಳ್ಳೆಯ ಆಸೆಯನ್ನೇ ಗಾಳಕ್ಕೆ ಸಿಕ್ಕಿಸಿತು.

ಸ್ಯಾಮ್‌ನನ್ನು ಉಳಿಸಿದ್ದು ಯಜಮಾನನ ಮೇಲಿನ ಪ್ರೀತಿ, ಜೊತೆಗೆ ಸಾದಾ ತಿಳಿವಳಿಕೆ. ತನಗೆ ಬೇಕಿರೋದು ಒಂದು ಪುಟ್ಟ ತೋಟ, ಅದನ್ನೂ ತನ್ನ ಕೈಯಾರೆ ಮಾಡಬೇಕು, ಇನ್ನೊಬ್ಬರ ಕೈಯಿಂದ ಮಾಡಿಸೋದಲ್ಲ. ಬೊರೊಮಿರ್ ಕೆಟ್ಟವನೇನಲ್ಲ, ತನ್ನ ಊರನ್ನು ಉಳಿಸಬೇಕು ಅಂತಲೇ ಉಂಗುರಕ್ಕೆ ಕೈ ಚಾಚಿದ. ಗ್ಯಾಂಡಾಲ್ಫ್ ಅದನ್ನು ಮುಟ್ಟೋಕೆ ಹೆದರಿದ್ದೂ ತನ್ನೊಳಗಿನ ಕರುಣೆಯ ಕಾರಣಕ್ಕೇ.

ಹಾಗಂತ ಸಣ್ಣವರೆಲ್ಲ ಗೆಲ್ತಾರೆ ಅಂತಲ್ಲ. ಗೊಲ್ಲಮ್ ಕೂಡ ಹಾಬಿಟ್‌ಗಳ ಬಳಗದವನೇ. ಉಂಗುರ ಕಣ್ಣಿಗೆ ಬಿದ್ದ ದಿನವೇ ಗೆಳೆಯನನ್ನು ಕೊಂದ. ಫ್ರೋಡೊ ಕೂಡ ಕೊನೆಗೆ ಬೆಂಕಿಯ ಅಂಚಿನಲ್ಲಿ ನಿಂತು ಇದು ನಂದು ಅಂದುಬಿಟ್ಟ. ಸ್ಯಾಮ್ ಹೊತ್ತಿದ್ದು ಬಹಳ ಸ್ವಲ್ಪ ಕಾಲ. ಆದರೂ ವಾಪಸ್ ಕೊಡುವಾಗ ಅವನಿಗೂ ಮನಸ್ಸು ಎಳೆಯಿತು, ಭಾರ ಹಂಚಿಕೊಳ್ಳಲಾ ಅಂತ ಕೇಳಿದ. ಆಮೇಲೆ ಕೊಟ್ಟ. ಅವನಿಗೆ ವಾಪಸ್ ಕೊಡೋಕೆ ಒಬ್ಬರಿದ್ರು, ನನ್ನ ಪ್ರಕಾರ ಅದೇ ದೊಡ್ಡ ವಿಷಯ.

ಟಾಲ್ಕಿನ್ 1916ರಲ್ಲಿ ಸೊಮ್ ಯುದ್ಧದಲ್ಲಿದ್ದವರು. ಅಲ್ಲಿ ಕಂಡ ಸಾಮಾನ್ಯ ಸೈನಿಕರೇ, ಅಧಿಕಾರಿಗಳ ಸೇವೆಗಿದ್ದ ಆಳುಗಳೇ ಸ್ಯಾಮ್‌ಗೆ ಮಾದರಿ ಅಂತ ಅವರೇ ಹೇಳಿದ್ದಾರೆ.

ಇದೆಲ್ಲ ಈಗ ಯಾಕೆ ನೆನಪಾಯ್ತು ಅಂದ್ರೆ, ನಾನೊಂದು ಸಣ್ಣ ಟೀಮ್‌ನ ಲೀಡ್. ಹೋದ ವಾರ ನಮ್ಮ ಮ್ಯಾನೇಜರ್ ಕರೆದು, ಪಕ್ಕದ ಟೀಮನ್ನೂ ನೀವೇ ತಗೊಳ್ಳಿ ಅಂದ್ರು. ಅಲ್ಲಿನ ಲೀಡ್‌ನ ಪಕ್ಕಕ್ಕೆ ಸರಿಸ್ತಾರಂತೆ. "ಆ ಹುಡುಗರು ತುಂಬಾ ನೊಂದಿದ್ದಾರೆ, ನೀವಾದ್ರೆ ಚೆನ್ನಾಗಿ ನೋಡ್ಕೋತೀರ." ಸಂಬಳದ ಮಾತೇ ಬರಲಿಲ್ಲ. ನನಗೆ ತೋರಿಸಿದ್ದೂ ತೋಟವನ್ನೇ! ಅಪ್ರೈಸಲ್ ಎಲ್ಲಾ ನನ್ನ ಕೈಲಿದ್ರೆ ಎಷ್ಟು ಸರಿ ಮಾಡಬಹುದಿತ್ತು ಅಂತ ಮನಸ್ಸು ಆಗಲೇ ಲೆಕ್ಕ ಹಾಕ್ತಿತ್ತು.

ಬೇಡ ಅಂದುಬಿಡೋದೂ ಸುಲಭದ ಉತ್ತರವಲ್ಲ. ಸ್ಯಾಮ್ ಊರಿಗೆ ಮರಳಿದ ಮೇಲೆ ಶೈರ್‌ನ ಮೇಯರ್ ಆದ, ಒಂದಲ್ಲ, ಏಳು ಸಲ. ಆ ಕುರ್ಚಿಗೆ ಏಳು ವರ್ಷದ ಅವಧಿ, ಪ್ರತಿ ಸಲವೂ ಊರಿನವರೇ ಆರಿಸಬೇಕು.

ಮ್ಯಾನೇಜರ್‌ಗೆ ಮೆಸೇಜ್ ಹಾಕಿದ್ದೀನಿ. ಇದು ಎಷ್ಟು ದಿನದ ಜವಾಬ್ದಾರಿ, ಆ ಹುಡುಗರನ್ನ ಯಾರಾದ್ರೂ ಕೇಳಿದ್ದಾರಾ ಅಂತ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.