ಕೈಗೆ ಕೇಳುವ ಬಲ

ಜಾತ್ರೆಯ ಕುಸ್ತಿ ನೋಡಲು ಬಂದವರು ಎತ್ತಿ ಒಗೆಯುವ ಗಳಿಗೆಗಾಗಿ ಕಾಯುತ್ತಾರೆ. ಹಲಗಿಯ ಬಡಿತ ಏರಿ ಒಬ್ಬನ ಬೆನ್ನು ಮಣ್ಣಿಗೆ ಹತ್ತಿತೆಂದರೆ ಕಣವೆಲ್ಲ ಕೇಕೆ. ನನಗೆ ಅದಕ್ಕಿಂತ ಹೆಚ್ಚು ಇಷ್ಟ, ಅದರ ಮೊದಲಿನ ಹೊತ್ತು. ಇಬ್ಬರೂ ಸಲಾಮಿ ಮಾಡಿ, ಒಬ್ಬರ ಕುತ್ತಿಗೆಯ ಮೇಲೆ ಒಬ್ಬರು ಕೈ ಹಾಕಿ, ಹಣೆಗೆ ಹಣೆ ಹಚ್ಚಿ ನಿಂತಿರುತ್ತಾರಲ್ಲ, ಆ ಹೊತ್ತು. ದೂರ ಕುಳಿತವರಿಗೆ ಅಲ್ಲಿ ಏನೂ ನಡೆದಂತೆ ಕಾಣುವುದಿಲ್ಲ. ‘ಹಿಡೀರಲೇ’ ಎಂದು ಕೂಗುವವರೂ ಇದ್ದಾರೆ. ಆದರೆ ಕುಸ್ತಿಯ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿದಿರುತ್ತದೆ. ಎದುರಿನವನ ಭಾರ ಯಾವ ಕಾಲಿನ ಮೇಲಿದೆ, ನೂಕುವ ಮನಸ್ಸಿದೆಯೋ ಎಳೆಯುವ ಮನಸ್ಸಿದೆಯೋ, ಉಸಿರು ಯಾವಾಗ ಬಿಗಿಹಿಡಿಯುತ್ತಾನೆ, ಇದನ್ನೆಲ್ಲ ಕೈ ಕೇಳಿಸಿಕೊಳ್ಳುತ್ತಿರುತ್ತದೆ. ಕುಸ್ತಿಯಲ್ಲಿ ನಾನು ಮನಸಾರೆ ಪ್ರೀತಿಸುವುದು ಈ ಕೇಳುವ ಕಲೆಯನ್ನು.

ನಮ್ಮ ಬಾಗಲಕೋಟೆ ಸೀಮೆಗೆ ಮೈಬಲದ ಹುಚ್ಚು ಹಳೆಯದು. ಊರಿಗೊಂದು ಹಣಮಪ್ಪನ ಗುಡಿ, ಅದರ ಆಸುಪಾಸು ಗರಡಿ ಮನಿ, ಹೊರಗೆ ಎತ್ತುವವರಿಗಾಗಿ ಕಾದು ಬಿದ್ದ ಸಂಗ್ರಾಣಿ ಕಲ್ಲು. ಬಾಗಲಕೋಟೆ ಹತ್ತಿರದ ತುಳಸಿಗೇರಿಯಲ್ಲಿ ಮಕ್ಕಳು ಮಲ್ಲಗಂಬದ ಮೇಲೆ ಮೈ ತಿರುವುವುದನ್ನು ನೋಡಿದರೆ ಎಲುಬು ಇದೆಯೋ ಇಲ್ಲವೋ ಅನ್ನಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವುದರಿಂದ ಹಿಡಿದು ಅವರ ಊಟ, ಸಾಮುಗಳವರೆಗೆ ಅಲ್ಲಿ ಮಾತು ಬರುತ್ತದೆ. ಒಬ್ಬ ದೊರೆ ಕೂತು ಬರೆಯುವಷ್ಟು ತೂಕ ಈ ವಿದ್ಯೆಗೆ ಆಗಲೇ ಇತ್ತು.

ಕಲ್ಲು ಎತ್ತಿದರೆ ಸೊಂಟ ಗಟ್ಟಿಯಾಗುತ್ತದೆ. ಕಂಬ ಹತ್ತಿದರೆ ಹಿಡಿತ ಬರುತ್ತದೆ. ಆದರೆ ಕಲ್ಲು ಎಂದೂ ಮೋಸ ಮಾಡುವುದಿಲ್ಲ, ಕಂಬ ನಡುವೆ ಮನಸ್ಸು ಬದಲಿಸುವುದಿಲ್ಲ. ಮನುಷ್ಯ ಎರಡನ್ನೂ ಮಾಡುತ್ತಾನೆ. ಅದಕ್ಕೇ ದಂಡ, ಬಸ್ಕಿ ಎಷ್ಟು ಹೊಡೆದರೂ ಕೊನೆಗೆ ಮಣ್ಣಿಗಿಳಿದು ಜೋಡಿ ಹಿಡಿಯಲೇಬೇಕು.

ನಮ್ಮ ಸೀಮೆಯ ಹುನಗುಂದದ ಹೊಲಗಳದ್ದು ಎರೆ ಮಣ್ಣು. ಹಸಿಯಾದರೆ ಅಂಟುತ್ತದೆ, ಒಣಗಿದರೆ ಹೆಂಟೆಯಾಗುತ್ತದೆ. ಗರಡಿಗೆ ಬೇಕಾದದ್ದು ಜರಡಿ ಹಿಡಿದ ಕೆಂಪು ಮಣ್ಣು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆರಸ ಬೆರೆಸಿ ಹದ ಮಾಡುತ್ತಾರೆ. ನಸುಕಿನಲ್ಲಿ ಅದನ್ನು ಸಲಿಕೆಯಿಂದ ಮಗುಚಿದಾಗ ಏಳುವ ವಾಸನೆಗೇ ನಿದ್ದೆ ಹಾರಿಹೋಗುತ್ತದೆ. ಹಣಮಪ್ಪನಿಗೆ ಕೈ ಮುಗಿದು, ಮಣ್ಣು ಹಣೆಗೆ ಹಚ್ಚಿಕೊಂಡು ಇಳಿದರೆ, ಗರಡಿಯ ಗುರು ವಸ್ತಾದರ ಮೊದಲ ಮಾತು ಯಾವಾಗಲೂ ಒಂದೇ: “ಕೈ ಸಡ್ಲ ಬಿಡಪಾ ತಮ್ಮಾ. ಬಿಗಿ ಹಿಡದ್ರ ನಿನ್ನ ಜೋರು ನಿನಗ ಗೊತ್ತಾಗ್ತೈತಿ, ಅವನ ಜೋರು ಗೊತ್ತಾಗೂದಿಲ್ಲ.”

ಈ ಮಾತಿನ ಹಿಂದೆ ಗಟ್ಟಿಯಾದ ಶರೀರಶಾಸ್ತ್ರವಿದೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಅರ್ನ್ಸ್ಟ್ ವೇಬರ್, ಜನರ ಕೈಯಲ್ಲಿ ತೂಕ ಇಟ್ಟು ಪರೀಕ್ಷೆ ಮಾಡಿದ. ಕೈಯಲ್ಲಿ ಹಗುರ ವಸ್ತು ಇದ್ದಾಗ ಅದಕ್ಕೆ ಚೂರು ಸೇರಿಸಿದರೂ ತಿಳಿಯುತ್ತದೆ. ಭಾರದ ವಸ್ತು ಇದ್ದಾಗ ಅಷ್ಟೇ ಚೂರು ಸೇರಿಸಿದರೆ ಗೊತ್ತೇ ಆಗುವುದಿಲ್ಲ. ಇರುವ ಭಾರ ಹೆಚ್ಚಿದಷ್ಟೂ, ತಿಳಿಯಲು ಬೇಕಾದ ವ್ಯತ್ಯಾಸವೂ ಹೆಚ್ಚಬೇಕು. ಸ್ವಂತ ತೋಳನ್ನೇ ಕಬ್ಬಿಣ ಮಾಡಿಕೊಂಡು ನಿಂತವನಿಗೆ ಎದುರಿನವನ ಸಣ್ಣ ಚಲನೆ ಕೇಳಿಸದಿರುವುದು ಇದೇ ಲೆಕ್ಕದಿಂದ. ಸ್ನಾಯುಗಳ ಒಳಗೆ ಕದಿರಿನ ಆಕಾರದ ಸೂಕ್ಷ್ಮ ಅಂಗಗಳಿದ್ದು, ಎಳೆತ ಎಷ್ಟು ಬಿತ್ತು, ಎಷ್ಟು ಬೇಗ ಬಿತ್ತು ಎಂಬ ಸುದ್ದಿಯನ್ನು ನರಗಳಿಗೆ ಮುಟ್ಟಿಸುತ್ತವೆ. ಕಣ್ಣಿಗೆ ಕಂಡದ್ದಕ್ಕೆ ಮೈ ಎಚ್ಚೆತ್ತು ಚಲಿಸಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ಮುಟ್ಟಿ ತಿಳಿದದ್ದಕ್ಕೆ ಅಷ್ಟೂ ಬೇಡ. ಹತ್ತಿರ ಹಿಡಿದು ನಿಂತಾಗ ಕಣ್ಣನ್ನು ನಂಬಿದವನು ತಡಮಾಡುತ್ತಾನೆ.

ಹಾಗಾದರೆ ಕೈಗೆ ಏನು ಕೇಳಿಸುತ್ತದೆ? ಜೊತೆಗಾರನ ಕತ್ತಿನ ಹಿಂಭಾಗದಲ್ಲಿ ನನ್ನ ಅಂಗೈ ಇದೆ ಅನ್ನಿ. ಅವನು ನೂಕಬೇಕೆಂದರೆ ಮೊದಲು ಹಿಂಗಾಲಿನ ಹಿಮ್ಮಡಿ ಮಣ್ಣಿಗೆ ಒತ್ತುತ್ತದೆ. ಅಲ್ಲಿಂದ ಜೋರು ಮೊಣಕಾಲಿಗೆ, ಸೊಂಟಕ್ಕೆ, ಬೆನ್ನಿಗೆ ಏರಿ ಕಡೆಗೆ ತೋಳಿಗೆ ಬರುತ್ತದೆ. ತೋಳು ಚಲಿಸುವ ಮೊದಲೇ ಕತ್ತಿನ ಎರಡು ಸ್ನಾಯುಗಳ ನಡುವಿನ ಮೆತ್ತನೆಯ ಜಾಗ ಕಿರುಬೆರಳಿನ ಕೆಳಗೆ ತುಸು ಗಟ್ಟಿಯಾಗುತ್ತದೆ, ಇಷ್ಟೇ ಇಷ್ಟು. ಬೆವರು, ಮಣ್ಣು, ಉಸಿರಾಟದ ಏರಿಳಿತ ಎಲ್ಲದರ ನಡುವೆ ಆ ಸಣ್ಣ ಬದಲಾವಣೆ ಕೈಗೆ ಬೇರೆಯಾಗಿ ತಿಳಿಯಿತೆಂದರೆ ಅದರ ಸುಖವೇ ಬೇರೆ. ಅವನ ತೋಳು ಬರುವಷ್ಟರಲ್ಲಿ ನನ್ನ ಕಾಲು ಜಾಗ ಬಿಟ್ಟಿರುತ್ತದೆ.

ನಾನು ಹೆಚ್ಚು ಕಲಿತದ್ದು ಇಳಕಲ್ಲಿನ ನೇಕಾರ ಮನೆತನದ ಒಬ್ಬ ಗೆಳೆಯನಿಂದ. ಮೈಕಟ್ಟಿನಲ್ಲಿ ನನಗಿಂತ ಸಣ್ಣವನು. ಇಳಕಲ್ಲ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ ಅವನ ಮನೆಯಲ್ಲಿ ತಲೆಮಾರುಗಳಿಂದ ನಡೆದಿದೆ. “ಎಳಿ ಬಿಗಿ ಆದ್ರ ಹರೀತೈತ್ರಿ, ಸಡ್ಲ ಆದ್ರ ತೊಡಕು ಬೀಳ್ತೈತಿ. ಕುಸ್ತೀನೂ ಹಂಗ” ಎನ್ನುತ್ತಾನೆ. ಅವನು ತೋಳು ಹಿಡಿದರೆ ಹಿಡಿದದ್ದೇ ಗೊತ್ತಾಗುವುದಿಲ್ಲ. ನಾನು ಹಿಂದೆ ಸರಿದರೆ ಅವನ ಕೈ ನನ್ನ ಜೊತೆಗೇ ಬರುತ್ತದೆ, ಮುಂದೆ ನುಗ್ಗಿದರೆ ಅಷ್ಟೇ ಹಿಂದೆ ಸರಿಯುತ್ತದೆ. ಒತ್ತಡ ಹೆಚ್ಚುವುದೂ ಇಲ್ಲ, ತಪ್ಪುವುದೂ ಇಲ್ಲ. ನಾನು ಭಾರ ಹಾಕಿದ ಗಳಿಗೆಯಲ್ಲೇ ಅವನು ತೋಳಿನಡಿ ನುಸುಳಿ, ಕಲಾಜಂಗ್ ಪಟ್ಟು ಹಾಕಿ, ನನ್ನನ್ನು ಹೆಗಲ ಮೇಲೆ ಹೊತ್ತಿರುತ್ತಾನೆ. ಆ ಪಟ್ಟಿಗೆ ಬೇಕಾದ ಅರ್ಧ ಬಲವನ್ನು ನಾನೇ ಕೊಟ್ಟಿರುತ್ತೇನೆ.

ವಸ್ತಾದರು ಕೆಲವೊಮ್ಮೆ ನಮ್ಮಿಬ್ಬರ ಕಣ್ಣಿಗೂ ಅರಿವೆ ಕಟ್ಟುತ್ತಾರೆ. ಪಟ್ಟು ಹಾಕುವಂತಿಲ್ಲ, ಬೀಳಿಸುವಂತಿಲ್ಲ. ಮೆಲ್ಲಗೆ ನೂಕಿ, ಎಳೆದು, ಒಬ್ಬರ ಭಾರ ಒಬ್ಬರು ತಿಳಿಯಬೇಕು. ಕಣ್ಣು ಮುಚ್ಚಿದ ಮೇಲೆ ಮೈಯೆಲ್ಲ ಕಿವಿಯಾಗುತ್ತದೆ. ಇದು ಬರಿಯ ಗರಡಿಯ ಆಟವಲ್ಲ. ದೃಷ್ಟಿದೋಷವುಳ್ಳವರ ಜೂಡೋ 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಿಂದ ಜಗತ್ತಿನ ಕಣದಲ್ಲಿದೆ. ಅಲ್ಲಿ ಇಬ್ಬರೂ ಪರಸ್ಪರರ ಅಂಗಿ ಹಿಡಿದ ಮೇಲೆಯೇ ಪಂದ್ಯ ಶುರು. ಆಮೇಲೆ ಅವರು ಒಗೆಯುವ ಪಟ್ಟುಗಳನ್ನು ನೋಡಿದರೆ ಈ ವಿದ್ಯೆ ಕಣ್ಣಿನದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಚೀನಾದ ತಾಯ್ ಚಿಯಲ್ಲೂ ಇಬ್ಬರು ಮಣಿಕಟ್ಟಿಗೆ ಮಣಿಕಟ್ಟು ಹಚ್ಚಿ, ಸುತ್ತು ಹಾಕುತ್ತ, ನೂಕುತ್ತ, ಮಣಿಯುತ್ತ ಮಾಡುವ ಸಾಧನೆಯಿದೆ. ಅಲ್ಲಿಯ ಗುರುಗಳೂ ಮೊದಲು ಕೇಳು, ಆಮೇಲೆ ನೂಕು ಎನ್ನುತ್ತಾರೆ. ಮಲಪ್ರಭೆಯ ದಂಡೆಗೂ ಅಷ್ಟು ದೂರದ ಆ ನಾಡಿಗೂ ಒಂದೇ ಪಾಠ.

ಸಡಿಲ ಎಂದರೆ ಸೋತುಹೋದ ಕೈ ಅಲ್ಲ. ಕಾಲು ಮಣ್ಣಲ್ಲಿ ಊರಿರಬೇಕು, ಸೊಂಟ ಇಳಿದಿರಬೇಕು, ಬೆನ್ನು ಎಚ್ಚರವಿರಬೇಕು. ಹೆಗಲು, ಮೊಣಕೈ, ಬೆರಳು ಮಾತ್ರ ಬಿಡುವಾಗಿರಬೇಕು. ಇದಕ್ಕೆ ಬಲವೂ ಬೇಕು, ನಂಬಿಕೆಯೂ ಬೇಕು. ಹೆದರಿದವನ ಕೈ ತಾನಾಗಿಯೇ ಬಿಗಿಯುತ್ತದೆ. ಎದುರಿನವನು ನನಗೆ ಪೆಟ್ಟು ಮಾಡುವುದಿಲ್ಲ ಎಂಬ ಭರವಸೆ ಇದ್ದಾಗ ಮಾತ್ರ ಕೈ ಕಲಿಯಲು ಶುರು ಮಾಡುತ್ತದೆ. ಜೋಡಿ ಮುಗಿದ ಮೇಲೆ ಒಬ್ಬರ ಬೆನ್ನಿಗೆ ಒಬ್ಬರು ಮಣ್ಣು ಉಜ್ಜಿ, ಬೆವರು ಆರಿಸಿ, ಹಿರಿಯರ ಕಾಲು ಮುಟ್ಟಿ ಹೊರಬರುವ ರೂಢಿ ಆ ಭರವಸೆಯನ್ನೇ ಕಾಯುತ್ತದೆ. ಸೋಲು-ಗೆಲುವು ತೀರ್ಮಾನವಾಗುವ ನಿಕಾಲಿ ಕುಸ್ತಿಯಲ್ಲಿ ಗೆದ್ದವನ ಬೆಳ್ಳಿ ಕಡಗ ಊರಿಗೆಲ್ಲ ಕಾಣುತ್ತದೆ. ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ನಸುಕಿನಲ್ಲಿ ಮೈ ಕೊಟ್ಟ ಜೊತೆಗಾರ.

ಈಗ ಊರೂರಿಗೆ ಜಿಮ್ ಬಂದಿವೆ. ಬರಲಿ, ಹುಡುಗರ ಮೈ ಗಟ್ಟಿಯಾಗಲಿ. ಆದರೆ ಕಬ್ಬಿಣದಿಂದ ಬಲ ಬೆಳೆಯಬಹುದು, ಇನ್ನೊಬ್ಬರ ಬಲವನ್ನು ಅರಿಯಲು ಇನ್ನೊಬ್ಬ ಮನುಷ್ಯನೇ ಬೇಕು. ನಿಮ್ಮ ಊರಿನ ಗರಡಿ ಮನಿಗೆ ಕೀಲಿ ಬಿದ್ದಿದ್ದರೆ ತೆಗೆಸಿರಿ, ಮಣ್ಣು ಮಗುಚಿರಿ, ಹಳೆಯ ವಸ್ತಾದರನ್ನು ಮನೆಗೆ ಹೋಗಿ ಕರೆದು ತನ್ನಿರಿ. ಮಗನನ್ನೂ ಮಗಳನ್ನೂ ಕಳಿಸಿರಿ. ಬಲ ಮತ್ತು ಸೂಕ್ಷ್ಮ ಎರಡನ್ನೂ ಒಂದೇ ಮಣ್ಣಿನಲ್ಲಿ ಕಲಿಸುವ ಶಾಲೆ ನಮ್ಮ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.